ಚಿಕ್ಕನಿಂಗಮ್ಮ ಹೇಳಿದ್ದು ಸರಿ

ಕೊಳ್ಳೇಗಾಲ
೧೧ ಏಪ್ರಿಲ್ ೧೯೭೧

ಮಗಳು ರುದ್ರಾಣಿಗೆ ಅಪ್ಪನ ಆಶೀರ್ವಾದ.

ಯುಗಾದಿಗೆ ನೀನು ಬರಲಿಲ್ಲವೆಂದು ನಿಮ್ಮಮ್ಮ ಎರಡು ದಿನ ಸರಿಯಾಗಿ ಮಾತಾಡಲಿಲ್ಲ. ಎಂ.ಎಸ್ಸಿ. ಪರೀಕ್ಷೆಯೆಂದರೆ ಏನೆಂದು ಅವಳಿಗೆ ತಿಳಿಸಿ ಹೇಳುವಷ್ಟರಲ್ಲಿ ನನಗೆ ಸಾಕಾಯಿತು. ಈಗ ಸಮಾಧಾನವಾಗಿದ್ದಾಳೆ.

ಬರೆಯುತ್ತಿರುವುದು ಬೇರೆ ವಿಚಾರಕ್ಕೆ. ಜೂನ್‌ನಿಂದ ಹತ್ತನೇ ತರಗತಿಗೆ ಹೊಸ ಗಣಿತ ಬರುತ್ತದೆ. ಪುಸ್ತಕ ಕೈಗೆ ಬಂತು. ಬಿಚ್ಚಿ ನೋಡಿದರೆ ಮೊದಲ ಅಧ್ಯಾಯವೇ ಗಣಗಳು. ಹೂವಿನ ಆವರಣದೊಳಗೆ ಮಾವು, ಹಲಸು, ನಿಂಬೆ ಎಂದು ಬರೆದು ಇದು ಹಣ್ಣುಗಳ ಗಣ ಅನ್ನುತ್ತಾರೆ. ಮುಂದೆ ಉಪಗಣ, ಛೇದನ, ಸಂಯೋಗ, ತರ್ಕವಾಕ್ಯ. ಇಪ್ಪತ್ತು ವರ್ಷಕ್ಕೂ ಮೇಲೆ ಬಡ್ಡಿ ಲೆಕ್ಕ, ಕಾಲ-ಕೆಲಸ, ಯೂಕ್ಲಿಡ್ಡನ ಪ್ರಮೇಯ ಹೇಳಿಕೊಟ್ಟವನಿಗೆ ಇದು ಗಣಿತವೋ ಸಂತೆಯೋ ತಿಳಿಯುತ್ತಿಲ್ಲ.

ನಿಮ್ಮಲ್ಲಿ ಮೇ ತಿಂಗಳು ಮೇಷ್ಟ್ರುಗಳಿಗೆ ಬೇಸಿಗೆ ಶಿಬಿರ ನಡೆಯುತ್ತದಂತೆ. ಅಭ್ಯಾಸ ಲೆಕ್ಕ ಮಾಡಿಸಲು ನಿನ್ನನ್ನೂ ನೇಮಿಸಿದ್ದಾರೆಂದು ನೀನೇ ಬರೆದಿದ್ದೆ. ನಾನೂ ಹೆಸರು ಕೊಡಬೇಕೆಂದಿದ್ದೇನೆ. ಮಗಳ ಎದುರು ಬೆಂಚಿನ ಮೇಲೆ ಕೂತು ಪಾಠ ಕೇಳುವ ಯೋಗ ಎಷ್ಟು ತಂದೆಯರಿಗೆ ಬರುತ್ತದೆ? ಕೋಟು ಒಗೆಸಿ ಇಟ್ಟಿದ್ದೇನೆ. ನಿನ್ನ ಚಿಕ್ಕಪ್ಪ ದೇವಣ್ಣ ಮಗ್ಗದಿಂದ ತಲೆ ಎತ್ತದೆ, ಬಂದವರಿಗೆಲ್ಲ, "ನಮ್ಮಣ್ಣಯ್ಯ ಮಗಳತ್ರ ಪಾಠ ಯೋಳಿಸ್ಕಳಕ್ ಓಯ್ತಾವ್ರೆ ಕಣ್ರಿ" ಎಂದು ಸಾರುತ್ತಿದ್ದಾನೆ.

ಶಿಬಿರದ ವಿವರ ತಿಳಿದು ಬರೆ.

ನಿನ್ನ ಅಪ್ಪ
ಮುದ್ದಯ್ಯ


ಮೈಸೂರು
೧೯ ಏಪ್ರಿಲ್ ೧೯೭೧

ಅಪ್ಪನಿಗೆ ರುದ್ರಾಣಿಯ ನಮಸ್ಕಾರ.

ನಿಮ್ಮ ಪತ್ರ ತಲುಪಿತು. ಶಿಬಿರಕ್ಕೆ ನೀವು ಬರುವುದು ಬೇಡವೆಂದು ನನಗೆ ತೋರುತ್ತದೆ. ಊಟದ ವ್ಯವಸ್ಥೆ ಚೆನ್ನಾಗಿಲ್ಲವಂತೆ. ಖಾರದ ಅಡುಗೆ ನಿಮ್ಮ ಹೊಟ್ಟೆಗೆ ಆಗುವುದಿಲ್ಲ. ಪಾಠಗಳೆಲ್ಲ ಇಂಗ್ಲಿಷಿನಲ್ಲಿ, ಬಹಳ ಬೇಗ ಬೇಗ ಮಾಡುತ್ತಾರೆ. ಮಲಗಲು ಹಜಾರದಲ್ಲಿ ಚಾಪೆ. ಈ ವಯಸ್ಸಿನಲ್ಲಿ ನಿಮಗೆ ಯಾಕೆ ಆ ಕಷ್ಟ?

ನಿಮಗೆ ಬೇಕಾದ್ದನ್ನು ನಾನೇ ಪತ್ರದಲ್ಲಿ ಬರೆದು ಕಳಿಸುತ್ತೇನೆ. ಅದೇನೂ ದೊಡ್ಡ ವಿಷಯವಲ್ಲ.

ಅಮ್ಮನಿಗೆ ಕಾಲಿನ ನೋವು ಹೇಗಿದೆ?

ನಿಮ್ಮ ಮಗಳು
ರುದ್ರಾಣಿ


ಕೊಳ್ಳೇಗಾಲ
೪ ಜುಲೈ ೧೯೭೧

ರುದ್ರಾಣಿ, ಕ್ಷೇಮವೇ?

ನೀನು ಹೇಳಿದಂತೆ ಶಿಬಿರಕ್ಕೆ ಹೆಸರು ಕೊಡಲಿಲ್ಲ. ಹೊಟ್ಟೆ ಸರಿಯಿಲ್ಲವೆಂದು ಹೆಡ್‌ಮಾಸ್ತರರಿಗೆ ಹೇಳಿದೆ. ಕಳಿಸುತ್ತೇನೆಂದ ಟಿಪ್ಪಣಿ ಬರಲಿಲ್ಲ. ಶಿಬಿರದ ಗಡಿಬಿಡಿಯಲ್ಲಿ ಮರೆತಿರುತ್ತೀಯೆ. ಪರವಾಗಿಲ್ಲ. ಪಾಠ ಶುರು ಮಾಡಿದ್ದೇನೆ, ಚೆನ್ನಾಗಿಯೇ ನಡೆದಿದೆ.

ಒಂದು ಸಣ್ಣ ಸಂದೇಹ. ಶೂನ್ಯಗಣವು ಎಲ್ಲ ಗಣಗಳಿಗೂ ಉಪಗಣ ಎಂದು ಪುಸ್ತಕದಲ್ಲಿ ಒಂದು ಸಾಲು ಇದೆ. ಅಚ್ಚಿನ ತಪ್ಪಿರಬೇಕು. ಏನೂ ಇಲ್ಲದ್ದು ಇನ್ನೊಂದರ ಒಳಗೆ ಇರುವುದೆಂದರೇನು? ನಮ್ಮ ತರಗತಿಯ ಒಂದು ಮಗು ಅದೇ ಸರಿಯೆಂದು ಹಠ ಹಿಡಿಯಿತು. ಅವಸರವಿಲ್ಲ, ಬಿಡುವಾದಾಗ ಬರೆ.

ನಿಮ್ಮಮ್ಮ ಹುಣಿಸೆ ತೊಕ್ಕು ಮಾಡಿಟ್ಟಿದ್ದಾಳೆ. ಯಾರಾದರೂ ಮೈಸೂರಿಗೆ ಬರುವವರಿದ್ದರೆ ಕಳಿಸುತ್ತೇವೆ.

ಅಪ್ಪ
ಮುದ್ದಯ್ಯ


ಮೈಸೂರು
೧೨ ಜುಲೈ ೧೯೭೧

ಅಪ್ಪಾ,

ಟಿಪ್ಪಣಿ ಕಳಿಸದೆ ಇದ್ದದ್ದಕ್ಕೆ ಕ್ಷಮಿಸಿ. ಈಗ ಬರೆಯುತ್ತೇನೆ. ಅದು ಅಚ್ಚಿನ ತಪ್ಪಲ್ಲ. ಪುಸ್ತಕ ಸರಿ, ಆ ಮಗುವೂ ಸರಿ.

ಮೊದಲ ಗಣದಲ್ಲಿ ಇರುವುದೆಲ್ಲ ಎರಡನೆಯದರಲ್ಲೂ ಇದ್ದರೆ ಮೊದಲನೆಯದು ಎರಡನೆಯದರ ಉಪಗಣ. ಇದು ಸುಳ್ಳೆಂದು ಸಾಧಿಸಬೇಕಾದರೆ ನೀವು ಮಾಡಬೇಕಾದ್ದು ಒಂದೇ: ಮೊದಲನೆಯದರಲ್ಲಿ ಇದ್ದು ಎರಡನೆಯದರಲ್ಲಿ ಇಲ್ಲದ ಒಂದು ವಸ್ತುವನ್ನು ಹಿಡಿದು ತಂದು ತೋರಿಸಬೇಕು. ನಮ್ಮ ಬೀದಿಯಲ್ಲಿ ಆನೆ ಸಾಕಿದವರೆಲ್ಲ ಪಿಟೀಲು ನುಡಿಸುತ್ತಾರೆ ಎಂದು ನಾನು ಹೇಳಿದೆ ಅನ್ನಿ. ಸುಳ್ಳು ಅನ್ನುವವರು ಪಿಟೀಲು ಬಾರದ ಆನೆಯ ಯಜಮಾನನೊಬ್ಬನನ್ನು ಕರೆತರಬೇಕು. ಆನೆ ಸಾಕಿದವರೇ ನಮ್ಮ ಬೀದಿಯಲ್ಲಿ ಇಲ್ಲವಲ್ಲ, ಎಲ್ಲಿಂದ ತರುತ್ತಾರೆ? ತರಲಾಗದ ಮೇಲೆ ಮಾತು ನಿಜವೆಂದೇ ಒಪ್ಪಬೇಕು. ಶೂನ್ಯಗಣದ ಕಥೆಯೂ ಅದೇ.

ಕೇಳಲು ಕೀಟಲೆಯಂತೆ ಇದೆ, ಅಲ್ಲವೇ? ಆದರೆ ಈ ವರ್ಷ ನಮಗೆ ಕಂಪ್ಯೂಟರ್ ಯಂತ್ರದ ಬಗ್ಗೆ ಒಂದು ಪಾಠವಿದೆ. ಆ ಯಂತ್ರ ಯೋಚಿಸುವ ಕ್ರಮಕ್ಕೆಲ್ಲ ಇದೇ ತಳಹದಿ. ಹೌದು, ಇಲ್ಲ, ಮತ್ತು, ಅಥವಾ, ಇಷ್ಟೇ ಮಾತು ಅದಕ್ಕೆ ಗೊತ್ತಿರುವುದು.

ನಮ್ಮ ತರಗತಿಯಲ್ಲೂ ಅರ್ಧ ಜನಕ್ಕೆ ಇದು ಮೊದಲು ಹತ್ತಲಿಲ್ಲ. ಹತ್ತನೇ ತರಗತಿಯ ಮಗು ಹಠ ಹಿಡಿದು ನಿಂತಿತೆಂದರೆ ಬಹಳ ಜಾಣ ಮಗುವೇ ಇರಬೇಕು. ನನ್ನ ಲೆಕ್ಕದಲ್ಲಿ ನೀವೇ ಅದರ ಬೆನ್ನು ತಟ್ಟಿಬಿಡಿ.

ನಿಮ್ಮ
ರುದ್ರಾಣಿ


ಮೈಸೂರು
೫ ಸೆಪ್ಟೆಂಬರ್ ೧೯೭೧

ಅಪ್ಪಾ,

ಜುಲೈನಲ್ಲಿ ಬರೆದ ಪತ್ರಕ್ಕೆ ಉತ್ತರವಿಲ್ಲ. ಆಗಸ್ಟಿನಲ್ಲಿ ಬರೆದದ್ದಕ್ಕೂ ಇಲ್ಲ. ಅಮ್ಮ ಚಿಕ್ಕಪ್ಪನ ಕೈಲಿ ಕಾರ್ಡು ಬರೆಸಿದ್ದಳು. "ನಿಮ್ಮಪ್ಪ ಸಂಜೆ ವಾಕಿಂಗ್ ಬಿಟ್ಟಿದ್ದಾರೆ, ಪೇಟೆಗೆ ಹೋಗುವುದಿಲ್ಲ, ಕೇಳಿದರೆ ರೇಗುತ್ತಾರೆ" ಎಂದಿದೆ. ಮೈ ಸರಿಯಿಲ್ಲವೇ? ನನ್ನ ಪತ್ರದಲ್ಲಿ ಏನಾದರೂ ಅಧಿಕಪ್ರಸಂಗ ಬರೆದೆನೇ? ಒಂದು ಸಾಲಾದರೂ ಬರೆಯಿರಿ.

ರುದ್ರಾಣಿ


ಕೊಳ್ಳೇಗಾಲ
೧೨ ಸೆಪ್ಟೆಂಬರ್ ೧೯೭೧

ರುದ್ರಾಣಿ,

ನಿನ್ನ ಪತ್ರದಲ್ಲಿ ತಪ್ಪಿಲ್ಲ. ನನ್ನ ಪತ್ರದಲ್ಲಿತ್ತು. ಒಂದು ಮಗು ಹಠ ಹಿಡಿಯಿತು ಎಂದು ಬರೆದು ಅಲ್ಲಿಗೇ ನಿಲ್ಲಿಸಿದ್ದೆ.

ಅವಳ ಹೆಸರು ಚಿಕ್ಕನಿಂಗಮ್ಮ. ಲೊಕ್ಕನಹಳ್ಳಿಯವಳು. ಇಲ್ಲಿ ಸೋದರತ್ತೆಯ ಮನೆಯಲ್ಲಿದ್ದು ಓದುತ್ತಿದ್ದಳು. ಅವರ ವಂಶದಲ್ಲಿ ಹೈಸ್ಕೂಲಿನ ಬಾಗಿಲು ದಾಟಿದ ಮೊದಲ ಹೆಣ್ಣು. ಶೂನ್ಯಗಣ ಬೇರೆ ಗಣಕ್ಕೆ ಉಪಗಣವಾಗಲಾರದು ಎಂದು ನಾನು ಹಲಗೆಯ ಮೇಲೆ ಬರೆದಾಗ ಎದ್ದು ನಿಂತು, "ಪುಸ್ತಕದಲ್ಲಿ ಆಯ್ತದೆ ಅಂತ ಅದೆ ಸಾ" ಅಂದಳು. ಪುಸ್ತಕದಲ್ಲಿರುವುದೆಲ್ಲ ಸರಿಯಲ್ಲ, ಕೂತುಕೋ ಅಂದೆ. ಕೂರಲಿಲ್ಲ. "ನಾನೂವೆ ಯೋಚ್ನೆ ಮಾಡಿ ನೋಡ್ದೆ ಸಾ. ಸರಿಯಾಗೇ ಅದೆ" ಅಂದಳು. ಹುಡುಗರು ನಗಾಡಿದರು. ಅವಳನ್ನು ನೋಡಿ ನಕ್ಕರೋ ನನ್ನನ್ನು ನೋಡಿ ನಕ್ಕರೋ ಆ ಕ್ಷಣದಲ್ಲಿ ನನಗೆ ತಿಳಿಯಲಿಲ್ಲ. ಹತ್ತಿರ ಹೋಗಿ ಕೆನ್ನೆಗೆ ಹೊಡೆದೆ. ಅವಳು ಅಳಲಿಲ್ಲ. ಪುಸ್ತಕ ಮುಚ್ಚಿ ಕೂತಳು. ಮಾರನೆಯ ದಿನದಿಂದ ಬರಲಿಲ್ಲ.

ಜ್ವರವೇನೋ ಅಂದುಕೊಂಡೆ. ಹಾಗೆ ಅಂದುಕೊಳ್ಳುವುದು ಸುಲಭವಾಗಿತ್ತು. ಆಮೇಲೆ ನಿನ್ನ ಪತ್ರ ಬಂತು. ಬೆನ್ನು ತಟ್ಟಿ ಎಂದು ಬರೆದಿದ್ದೆ.

ಇನ್ನೂ ಇದೆ, ಅದನ್ನೂ ಹೇಳಿಬಿಡುತ್ತೇನೆ. ನಿನ್ನ ಪತ್ರ ಓದಿ ಅರ್ಥ ಮಾಡಿಕೊಂಡು, ಮಾರನೆಯ ವಾರ ಅದೇ ಪಾಠವನ್ನು ಮತ್ತೆ ಮಾಡಿದೆ. ಶೂನ್ಯಗಣ ಎಲ್ಲ ಗಣಗಳಿಗೂ ಉಪಗಣ ಎಂದು, ಮೊದಲಿನಿಂದಲೂ ನನಗೆ ಗೊತ್ತಿದ್ದವನ ಹಾಗೆ ಹೇಳಿದೆ. ಹಿಂದಿನ ಬೆಂಚಿನಿಂದ ಮಹದೇವು ಅನ್ನುವ ಹುಡುಗ ಎದ್ದು, "ಅಂಗಾರೆ ಚಿಕ್ಕನಿಂಗಿ ಯೋಳಿದ್ದು ಸರಿ ಅಲ್ವ ಸಾ?" ಎಂದು ಕೇಳಿದ. "ಕೂತ್ಕೊಳಯ್ಯ, ಪಾಠಕ್ಕೆ ಗಮನ ಕೊಡು" ಅಂದೆ.

ಹೊಡೆದದ್ದಕ್ಕಿಂತ ಇದು ನನ್ನನ್ನು ಹೆಚ್ಚು ಸುಡುತ್ತಿದೆ. ಹೊಡೆಯುವಾಗ ನನಗೆ ತಿಳಿದಿರಲಿಲ್ಲ. ಕೂರಿಸುವಾಗ ತಿಳಿದಿತ್ತು.

ಕಳೆದ ಭಾನುವಾರ ಹನೂರಿಗೆ ಹೋಗಿ, ಅಲ್ಲಿಂದ ಬಸ್ಸು ಹಿಡಿದು ಲೊಕ್ಕನಹಳ್ಳಿಗೆ ಹೋದೆ. ಅವಳ ಅಪ್ಪ ಮಾದಸ್ವಾಮಿ ಕಾಡಂಚಿನ ಹೊಲದಲ್ಲಿದ್ದ. ಹಂದಿ ನುಗ್ಗಿ ಜೋಳ ತುಳಿದಿತ್ತು, ಮುಳ್ಳು ಹಾಕುತ್ತಿದ್ದ. ನನ್ನನ್ನು ಕಂಡವನೇ ಟವಲು ಕೊಡವಿ ಸೊಂಟಕ್ಕೆ ಸುತ್ತಿಕೊಂಡು ಓಡಿ ಬಂದ. ಮನೆಗೆ ಕರೆದೊಯ್ದು ಕಂಬಳಿ ಹಾಸಿದ. ನಾನು ಬಾಯಿ ತೆರೆಯುವ ಮೊದಲೇ ಅವನೇ ಶುರು ಮಾಡಿದ.

"ನೀವು ಒಡ್ದದ್ದು ಸರಿಯಾಗೇ ಅದೆ ಬುಡಿ ಸಾ. ಮೇಷ್ಟ್ರಿಗೆ ಎದ್ರು ಮಾತಾಡದ? ಬಂದು ಯೋಳುದ್ಲು. ನಾನೂವೆ ಎಲ್ಡು ಕೊಟ್ಟೆ."

ನಾನು ಹೊಡೆದೆನೆಂದು ತಿಳಿದು ಅವನೂ ಹೊಡೆದಿದ್ದಾನೆ. ದೀಪಾವಳಿ ಕಳೆದ ಮೇಲೆ ಅವಳ ಸೋದರಮಾವನ ಮಗನಿಗೆ ಕೊಟ್ಟು ಮದುವೆ ಮಾಡುವುದೆಂದು ಮಾತಾಗಿದೆ. "ಓದು ಅತ್ತುನಿಲ್ಲ, ಇನ್ನೇನ್ ಮಾಡದು" ಅಂದ.

ಆ ಹುಡುಗಿ ನೀರು ತಂದಿಟ್ಟು ಗೋಡೆಗೆ ಒರಗಿ ನಿಂತಳು. ತಪ್ಪು ನನ್ನದು, ಅವಳು ಹೇಳಿದ್ದೇ ಸರಿ. ಇಷ್ಟು ಹೇಳಲು ಅಷ್ಟು ದೂರ ಹೋಗಿದ್ದೆ. ನಾಲಗೆ ಏಳಲಿಲ್ಲ ರುದ್ರಾಣಿ. ಅವನು ನನ್ನ ಕಾಲ ಬಳಿ ಕೂತು ಮೇಷ್ಟ್ರೇ ಮೇಷ್ಟ್ರೇ ಅನ್ನುತ್ತಿದ್ದ. "ಸ್ಕೂಲಿಗೆ ಬಾವ್ವ" ಅಂದೆ, ಅಷ್ಟೇ. ಅವಳು ನೆಲ ನೋಡುತ್ತ, "ಯಾವ ಮೊಕ ಒತ್ಕಂಡು ಬರ್ಲಿ ಸಾ?" ಅಂದಳು.

ಅವರು ಇಟ್ಟ ಮುದ್ದೆ, ಅವರೆಕಾಳಿನ ಸಾರು ಉಂಡು ಬಂದೆ. ಮದುವೆಗೆ ಬರಬೇಕೆಂದು ಮಾದಸ್ವಾಮಿ ಬಸ್ಸಿನವರೆಗೂ ಬಂದು ಹೇಳಿದ.

ಇದನ್ನು ನಿಮ್ಮಮ್ಮನಿಗೆ ಹೇಳಿಲ್ಲ.

ಮುದ್ದಯ್ಯ


ಮೈಸೂರು
೧೮ ಸೆಪ್ಟೆಂಬರ್ ೧೯೭೧

ಅಪ್ಪಾ,

ನಿಮ್ಮ ಪತ್ರ ಓದಿ, ಪುಸ್ತಕ ತೆಗೆಯಲಾಗದೆ ಎರಡು ದಿನ ಕೂತಿದ್ದೆ. ನೀವು ಎಲ್ಲವನ್ನೂ ನಿಮ್ಮ ತಲೆಗೇ ಕಟ್ಟಿಕೊಂಡಿದ್ದೀರಿ. ಈ ತಪ್ಪಿನ ಮೊದಲ ಸಾಲು ಬರೆದವಳು ನಾನು.

ಶಿಬಿರದಲ್ಲಿ ಊಟ ಚೆನ್ನಾಗಿತ್ತು. ಸಾರಿಗೆ ಖಾರವೇ ಇರಲಿಲ್ಲ. ಮಲಗಲು ಮಂಚವಿತ್ತು. ಇಂಗ್ಲಿಷಿನಲ್ಲಿ ಹೇಳಿದ್ದನ್ನು ಕನ್ನಡದಲ್ಲಿ ಮತ್ತೆ ಬಿಡಿಸಿ ಹೇಳುವುದೇ ನನ್ನ ಕೆಲಸವಾಗಿತ್ತು. ಯಾವ್ಯಾವುದೋ ಊರಿನ ಮೇಷ್ಟ್ರುಗಳ ಪಕ್ಕ ಬೆಂಚಿನ ಮೇಲೆ ಕೂತು, ಶೂನ್ಯಗಣವೆಂದರೆ ಏನೆಂದು ನಾಲ್ಕು ಸಲವಾದರೂ ಹೇಳಿದೆ. ಅವರಲ್ಲಿ ನಿಮಗಿಂತ ಹಿರಿಯರೂ ಇದ್ದರು.

ನೀವು ಬರುವುದು ನನಗೆ ಬೇಡವಾಗಿತ್ತು. ಇಲ್ಲಿ ನನ್ನ ಜೊತೆಯವರೆಲ್ಲ ವಕೀಲರ, ಡಾಕ್ಟರರ ಮಕ್ಕಳು. ನಮ್ಮಪ್ಪ ಕೊಳ್ಳೇಗಾಲದಲ್ಲಿ ರೇಷ್ಮೆ ವ್ಯಾಪಾರಿ ಎಂದು ಮೊದಲ ವರ್ಷವೇ ಹೇಳಿಬಿಟ್ಟಿದ್ದೆ. ಯಾಕೆ ಹೇಳಿದೆನೋ, ಬಾಯಿಂದ ಬಂದುಬಿಟ್ಟಿತು. ನೀವು ಕಚ್ಚೆಪಂಚೆಯ ಮೇಲೆ ಕೋಟು ಹಾಕಿಕೊಂಡು ಮುಂದಿನ ಬೆಂಚಿನಲ್ಲಿ ಕೂತು, ಎಲ್ಲರೆದುರು ಎದ್ದು ತಪ್ಪು ಇಂಗ್ಲಿಷಿನಲ್ಲಿ ಸಂದೇಹ ಕೇಳುವುದು, ಆಮೇಲೆ ಹೆಮ್ಮೆಯಿಂದ "ಇವಳು ನನ್ನ ಮಗಳು" ಅನ್ನುವುದು, ಇದನ್ನು ನೆನೆದೇ ನನಗೆ ಮೈಯೆಲ್ಲ ಬೆವರಿತ್ತು. ಅದಕ್ಕೇ ಆ ಪತ್ರ ಬರೆದೆ. ಟಿಪ್ಪಣಿಯನ್ನು ನಾನು ಮರೆಯಲಿಲ್ಲ. ಬರೆಯಲು ಕೂತರೆ ಆ ಪತ್ರ ನೆನಪಾಗುತ್ತಿತ್ತು, ಅದಕ್ಕೇ ಬರೆಯಲಿಲ್ಲ.

ನೀವು ಬಂದಿದ್ದರೆ ಮೊದಲ ವಾರದಲ್ಲೇ ಇದು ನಿಮಗೆ ತಿಳಿಯುತ್ತಿತ್ತು. ಆ ಹುಡುಗಿ ಎದ್ದು ನಿಂತಾಗ ನೀವು ಶಹಭಾಸ್ ಅನ್ನುತ್ತಿದ್ದಿರಿ. ಆ ಏಟಿನಲ್ಲಿ ನನ್ನ ಕೈಯೂ ಇದೆ.

ನಿನ್ನೆ ನನ್ನ ಕೊಠಡಿಯ ಗೆಳತಿಗೆ ನಿಜ ಹೇಳಿದೆ. ನಮ್ಮಪ್ಪ ಹೈಸ್ಕೂಲು ಮೇಷ್ಟ್ರು, ಚಿಕ್ಕಪ್ಪ ಮಗ್ಗ ನೇಯುತ್ತಾರೆ, ವ್ಯಾಪಾರ ನಮಗೆ ಯಾವತ್ತೂ ಇರಲಿಲ್ಲ ಎಂದೆ. ಅವಳು ತಲೆ ಬಾಚಿಕೊಳ್ಳುತ್ತ, "ಅದಕ್ಕೇನೀಗ?" ಅಂದಳು. ಇಷ್ಟು ದಿನ ನಾನು ಮುಚ್ಚಿಟ್ಟುಕೊಂಡಿದ್ದು ಅವಳಿಗೆ ಒಂದು ಬಾಚಣಿಗೆಯಷ್ಟೂ ಭಾರವಿರಲಿಲ್ಲ.

ಮತ್ತೆ ಲೊಕ್ಕನಹಳ್ಳಿಗೆ ಹೋಗಿ ಎಂದು ಹೇಳಲು ನನಗೆ ಬಾಯಿಲ್ಲ. ಆದರೆ ದೀಪಾವಳಿ ಹತ್ತಿರ ಬರುತ್ತಿದೆ.

ದಸರೆಗೆ ಊರಿಗೆ ಬರಲೇ? ನೀವು ಬಾ ಎಂದರೆ ಬರುತ್ತೇನೆ.

ರುದ್ರಾಣಿ


ಕೊಳ್ಳೇಗಾಲ
೨೩ ಸೆಪ್ಟೆಂಬರ್ ೧೯೭೧

ರುದ್ರಾಣಿ,

ನನಗೆ ಖಾರ ಆಗುವುದಿಲ್ಲವೆಂದು ನಮ್ಮ ಮನೆಯಲ್ಲಿ ಯಾವತ್ತು ಯಾರು ಹೇಳಿದ್ದರು? ಏಪ್ರಿಲ್‌ನಲ್ಲಿ ನಿನ್ನ ಪತ್ರ ಓದಿದ ದಿನವೇ ನನಗೆ ತಿಳಿಯಿತು. ಕೋಟನ್ನು ಮಡಿಸಿ ಪೆಟ್ಟಿಗೆಗೆ ಹಾಕಿದೆ. ನಿಮ್ಮಮ್ಮ ಯಾಕೆಂದು ಕೇಳಿದಳು. ಬಿಸಿಲು ಜಾಸ್ತಿ ಅಂದೆ.

ನಿನ್ನ ಮೇಲೆ ಕೋಪ ಬಂದಿತ್ತು. ಈಗ ಇಲ್ಲ. ಒಪ್ಪಿಕೊಳ್ಳುವುದಾದರೆ, ಕೆಳಗೆ ಕೂತು ನಿನ್ನ ಕಣ್ಣಿಗೆ ದಡ್ಡನಾಗಿ ಕಾಣುವ ಭಯ ನನಗೂ ಇತ್ತು. ನೀನು ಬೇಡವೆಂದಾಗ ನೋವಾಯಿತು, ಜೊತೆಗೇ ಒಳಗೊಳಗೆ ನಿರಾಳವೂ ಆಯಿತು. ಇಲ್ಲದಿದ್ದರೆ ನಿನ್ನ ಮಾತು ಮೀರಿ ಹೋಗುತ್ತಿದ್ದೆ.

ಆ ಹುಡುಗಿಗೆ ಹೊಡೆದ ಕೈ ನನ್ನದೊಂದೇ. ಅದರಲ್ಲಿ ನಿನಗೆ ಪಾಲು ಕೊಡುವುದಿಲ್ಲ.

ದಸರೆ ರಜದಲ್ಲಿ ಮತ್ತೆ ಲೊಕ್ಕನಹಳ್ಳಿಗೆ ಹೋಗುತ್ತೇನೆ. ಒಬ್ಬನೇ ಹೋಗಬೇಕು. ನೀನು ದೀಪಾವಳಿಗೆ ಬಾ.

ಅಪ್ಪ


ಕೊಳ್ಳೇಗಾಲ
೭ ನವೆಂಬರ್ ೧೯೭೧

ರುದ್ರಾಣಿಗೆ,

ದೀಪಾವಳಿಗೆ ನೀನು ಬಂದಿದ್ದಾಗ ಮನೆ ತುಂಬ ಜನ. ಇಬ್ಬರೂ ಎದುರುಬದುರು ಕೂತು ಎಣ್ಣೆ, ಸೀಗೆಪುಡಿ, ಒಬ್ಬಟ್ಟಿನ ಮಾತಾಡಿದೆವು. ನೀನು ಕೇಳಬೇಕೆಂದು ಎರಡು ಸಲ ಬಾಯಿ ತೆರೆದದ್ದು ಕಂಡೆ. ಎದುರಿಗೆ ಹೇಳಲು ನನ್ನಿಂದ ಆಗಲಿಲ್ಲ. ಈಗ ಬರೆಯುತ್ತೇನೆ.

ದಸರೆ ರಜದಲ್ಲಿ ಹೋದಾಗ ಮಾದಸ್ವಾಮಿ ಮತ್ತೆ ಕಂಬಳಿ ಹಾಸಿದ. ನಾನು ಕೂರಲಿಲ್ಲ. ನಿಂತೇ ಹೇಳಿದೆ. "ನಿನ್ನ ಮಗಳು ಹೇಳಿದ್ದು ಸರಿಯಾಗಿತ್ತು. ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲದೆ ಹೊಡೆದೆ. ನನ್ನಿಂದ ನೀನೂ ಹೊಡೆದೆ."

ಅವನಿಗೆ ಅದು ಕಿವಿಗೇ ಹೋಗಲಿಲ್ಲ. "ಅಯ್ಯೋ, ಅದೇನ್ ಮಾತು ಅಂತ ಆಡೀರಿ ಸಾ. ನೀವು ಎಂಗೆ ತಪ್ಪು ಮಾಡೀರಿ?" ಅಂದ. ಮತ್ತೆ ಹೇಳಿದೆ. ಮೂರನೆಯ ಸಲ ಹೇಳುವಾಗ ಅವನ ಮುಖ ಬಾಡಿತು. ಮೆಲ್ಲಗೆ, "ಅಂಗಾರೆ ನಾನು ಯಾಕೆ ಒಡ್ದೆ?" ಅಂದ. ನನ್ನನ್ನಲ್ಲ, ತನ್ನನ್ನೇ ಕೇಳಿಕೊಂಡ ಹಾಗಿತ್ತು.

ಒಳಗಿದ್ದ ಚಿಕ್ಕನಿಂಗಮ್ಮ ಬಾಗಿಲಿಗೆ ಬಂದಳು. "ಇಲ್ಲಿ ಯೋಳುದ್ರೆ ಏನ್ ಬಂತು ಸಾ? ನಗಾಡ್ದೋರು ಅಲ್ಲವ್ರೆ" ಅಂದಳು.

ಹಾಗಾದರೆ ಅಲ್ಲೇ ಹೇಳುತ್ತೇನೆ, ನೀನೂ ಇರಬೇಕು ಅಂದೆ. ಒಪ್ಪಿದಳು.

ಹೆಡ್‌ಮಾಸ್ತರರಿಗೆ ಮೊದಲೇ ತಿಳಿಸಿದೆ. "ಮುದ್ದಯ್ಯನೋರೆ, ನೀವು ಒಬ್ಬರು ಹುಡುಗರ ಮುಂದೆ ತಪ್ಪಾಯ್ತು ಅಂದ್ರೆ ನಾಳೆ ನಮಗೆಲ್ಲ ಅದೇ ಗತಿ. ಸುಮ್ನೆ ಹಾಜರಿ ಹಾಕಿ ಸೇರಿಸ್ಕೊಳ್ಳಿ" ಅಂದರು. ಅದೂ ಒಂದು ದಾರಿಯೇ. ಒಂದು ಗಳಿಗೆ ನನ್ನ ಮನಸ್ಸು ಅದರ ಕಡೆ ವಾಲಿತು ಎಂಬುದನ್ನು ನಿನ್ನಿಂದ ಮುಚ್ಚಿಡುವುದಿಲ್ಲ.

ರಜ ಮುಗಿದು ಶಾಲೆ ತೆರೆದ ವಾರ ಅಪ್ಪ ಮಗಳು ಬಂದರು. ಮಾದಸ್ವಾಮಿ ಚಪ್ಪಲಿ ಕಳಚಿ ತರಗತಿಯ ಬಾಗಿಲ ಆಚೆ ನಿಂತ. ಒಳಗೆ ಬಾ ಅಂದರೂ ಬರಲಿಲ್ಲ. ನಾನು ಹಲಗೆಯ ಮುಂದೆ ನಿಂತು ಹೇಳಿದೆ. ಜುಲೈನಿಂದ ಮನಸ್ಸಿನಲ್ಲಿ ಎಷ್ಟೋ ಸಲ ಕಟ್ಟಿದ್ದ ಮಾತು, ಬಾಯಿಗೆ ಬರುವಾಗ ತುಂಡು ತುಂಡಾಗಿ ಬಂತು. ಚಿಕ್ಕನಿಂಗಮ್ಮ ಹೇಳಿದ್ದು ಸರಿ. ನಾನು ಬರೆದದ್ದು ತಪ್ಪು. ಹೊಡೆದದ್ದು ಅದಕ್ಕಿಂತ ದೊಡ್ಡ ತಪ್ಪು. ಮಹದೇವು ಕೇಳಿದಾಗ ಅವನನ್ನು ಕೂರಿಸಿದ್ದು ಎಲ್ಲಕ್ಕಿಂತ ದೊಡ್ಡ ತಪ್ಪು.

ಯಾರೂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿರುತ್ತಿತ್ತು. ಹುಡುಗರು ತಲೆ ತಗ್ಗಿಸಿ ಕೂತರು, ನನ್ನನ್ನು ನೋಡಲು ಅವರಿಗೇ ನಾಚಿಕೆ.

ಯಾಕೆ ಸರಿಯೆಂದು ನೀನೇ ಹೇಳವ್ವ ಎಂದು ಸೀಮೆಸುಣ್ಣ ಕೊಟ್ಟು ನಾನು ಬೆಂಚಿನಲ್ಲಿ ಕೂತೆ. ನಿನ್ನ ಆನೆ, ಪಿಟೀಲು ಅವಳಿಗೆ ಗೊತ್ತಿಲ್ಲ. ಹಲಗೆಯ ಮೇಲೆ ಎರಡು ಕುಕ್ಕೆ ಬರೆದಳು. ಒಂದು ಬರಿದು, ಇನ್ನೊಂದರಲ್ಲಿ ನಾಲ್ಕು ಕಾಳು.

"ಈ ಬರೀ ಕುಕ್ಕೆನ ಆ ಕುಕ್ಕೆಗೆ ಸುರೀತೀನಿ. ಆಚ್ಗೆ ಏನಾರ ಬೀಳ್ತದ ಸಾ?"

"ಇಲ್ಲ ಕಣವ್ವ."

"ಒಂದ್ ಕಾಳೂ ಆಚ್ಗೆ ಬೀಳ್ನಿಲ್ಲ ಅಂದ್ರೆ, ಇದ್ರಾಗಿರದೆಲ್ಲ ಅದ್ರೊಳ್ಗೇ ಓಯ್ತು ಅಂತ ತಾನೆ?"

"ಹೌದು."

ಸುಣ್ಣವನ್ನು ಮೇಜಿನ ಮೇಲಿಟ್ಟು ಕೈ ಒರೆಸಿಕೊಂಡಳು. ಅವಳ ಮುಖದಲ್ಲಿ ಗೆದ್ದ ಸಂತೋಷವೇನೂ ಕಾಣಲಿಲ್ಲ. ಬಹಳ ದಣಿದಂತೆ ಇದ್ದಳು.

ಬಸ್ ನಿಲ್ದಾಣದ ತನಕ ಮಾದಸ್ವಾಮಿಯ ಜೊತೆ ನಡೆದೆ. ಮದುವೆಯ ವಿಚಾರ ನಾನು ಎತ್ತಲಿಲ್ಲ. ಎತ್ತಲು ನನಗೆ ಏನು ಹಕ್ಕಿದೆ? ಅವನೇ ಹೇಳಿದ: "ಅವ್ಳು ಯೋಳಿದ್ದು ನಂಗೊಂದೂ ತಿಳೀನಿಲ್ಲ ಸಾ. ನೀವು ಕೂತ್ಕಂಡ್ರಿ, ಅವ್ಳು ನಿಂತಿದ್ಲು, ಅದ ನೋಡ್ದೆ. ಪರೀಕ್ಸೆ ಗಂಟ ಕಾಯಿ ಅಂತ ನಮ್ ಬಾಮೈದಂಗೆ ಯೋಳ್ತೀನಿ. ಅದ್ರಾಚೆ ನನ್ನ ಕೇಳ್‌ಬೇಡಿ."

ಮದುವೆ ಮುಂದಕ್ಕೆ ಹೋಗಿದೆ, ನಿಂತಿಲ್ಲ. ಅವಳು ಮತ್ತೆ ಇಲ್ಲಿ ಸೋದರತ್ತೆಯ ಮನೆಯಲ್ಲಿದ್ದಾಳೆ, ತರಗತಿಗೆ ಬರುತ್ತಿದ್ದಾಳೆ. ಎಲ್ಲ ಸರಿಹೋಯಿತೆಂದು ನೀನು ತಿಳಿಯಬೇಡ. ನಾನು ಏನು ಕೇಳಿದರೂ ಅವಳು ಬಾಯಿ ಬಿಡುತ್ತಿರಲಿಲ್ಲ. ಕೊಟ್ಟ ಲೆಕ್ಕ ಸರಿಯಾಗಿ ಮಾಡಿ ಇಟ್ಟು ಹೋಗುತ್ತಿದ್ದಳು.

ಮೊನ್ನೆ ಶುಕ್ರವಾರ ಸಂಯೋಗದ ಲೆಕ್ಕ ಮಾಡುತ್ತಿದ್ದೆ. ಒಂದೇ ಸಲ ಬರಬೇಕಾದ ಸಂಖ್ಯೆಯೊಂದನ್ನು ಗಮನವಿಲ್ಲದೆ ಎರಡು ಸಲ ಬರೆದೆ. ತಿರುಗಿ ನೋಡಿದರೆ ಅವಳು ಕೈ ಎತ್ತಿದ್ದಳು. "ಏನವ್ವ?" ಅಂದೆ. "ಏಳು ಎಲ್ಡು ಸಲ ಬಂದದೆ ಸಾ" ಅಂದಳು.

ಒಂದು ಕೈ ಮೇಲಿತ್ತು. ಇನ್ನೊಂದು ಕೈಯಲ್ಲಿ ಕೆನ್ನೆ ಮುಚ್ಚಿಕೊಂಡಿದ್ದಳು.

ನಿನ್ನ ಅಪ್ಪ
ಮುದ್ದಯ್ಯ